ಪವಾಡದ ಸುದ್ದಿಯನ್ನು ತೂಗಿ ನೋಡುವ ಬಗೆ: ಸಂಭವನೀಯತೆಯ ಲೆಕ್ಕಕ್ಕೊಂದು ಸಮಗ್ರ ಮಾರ್ಗದರ್ಶಿ

ಕಲಬುರಗಿಯ ನೆಹರೂ ಗಂಜಿಗೆ ತೊಗರಿ ಬರುವ ದಿನಗಳಲ್ಲಿ ಅಡತಿ ಅಂಗಡಿಯ ಮುಂದೆ ಸ್ವಲ್ಪ ಹೊತ್ತು ನಿಂತರೆ ಈ ಲೇಖನದ ಅರ್ಧ ಪಾಠ ಅಲ್ಲೇ ಸಿಗುತ್ತದೆ. ಖರೀದಿದಾರ ಚೀಲವನ್ನು ಪೂರ್ತಿ ಸುರಿಸುವುದಿಲ್ಲ. ಮೊನೆಯುಳ್ಳ ಕೊಳವೆಯನ್ನು ಮೇಲೊಮ್ಮೆ, ನಡುವೊಮ್ಮೆ, ತಳಕ್ಕೊಮ್ಮೆ ಚುಚ್ಚಿ, ಉದುರಿದ ಕಾಳನ್ನು ಅಂಗೈ ಮೇಲೆ ಹರಡಿ, ಹುಳುಕೆಷ್ಟು, ಕಲ್ಲೆಷ್ಟು, ಹಸಿಯೆಷ್ಟು ಎಂದು ಬೆರಳಿನಿಂದ ಸರಿಸಿ ನೋಡುತ್ತಾನೆ. ಅದಕ್ಕೂ ಮೊದಲು ‘ಯಾವೂರ ಮಾಲ ಇದು?’ ಎಂದು ಕೇಳಿರುತ್ತಾನೆ, ಏಕೆಂದರೆ ಆ ಸೀಮೆಯ ಹೊಲ ಎಂಥದು, ಈ ಸಲ ಅಲ್ಲಿ ಮಳೆ ಹೇಗಾಯಿತು ಎಂಬ ಅಂದಾಜು ಅವನಿಗಿದೆ. ಮೊದಲಿನ ಅಂದಾಜು ಮತ್ತು ಕೈಗೆ ಬಂದ ಕಾಳು ಎರಡನ್ನೂ ಕೂಡಿಸಿಯೇ ಅವನು ದರ ಹೇಳುತ್ತಾನೆ. ಬರೀ ಊರಿನ ಹೆಸರು ಕೇಳಿ ದರ ಕಟ್ಟಿದರೆ ರೈತನಿಗೆ ಅನ್ಯಾಯ, ಮೇಲಿನ ಹಿಡಿ ಕಾಳನ್ನಷ್ಟೇ ನಂಬಿದರೆ ತನಗೆ ನಷ್ಟ.

ಪವಾಡದ ಸುದ್ದಿಯನ್ನೂ ಇದೇ ಕ್ರಮದಲ್ಲಿ ತೂಗಬಹುದು ಎಂಬುದು ಈ ಮಾರ್ಗದರ್ಶಿಯ ಆಧಾರ. ದೇವರಿದ್ದಾನೆಯೇ ಎಂಬ ಪ್ರಶ್ನೆ ಇದರ ಅಳತೆಗೆ ಸಿಗುವುದಿಲ್ಲ, ಅದಕ್ಕೆ ನಾನು ಕೈಹಾಕುವುದೂ ಇಲ್ಲ. ಒಂದೇ ಮನೆಯವರು ಶರಣಬಸವೇಶ್ವರರ ತೇರಿಗೂ, ಬಂದೇ ನವಾಜರ ಉರುಸಿಗೂ, ಗಾಣಗಾಪುರದ ದತ್ತನ ಸನ್ನಿಧಿಗೂ ಹೋಗಿಬರುವ ಸೀಮೆ ನಮ್ಮದು. ಭಕ್ತಿಗೆ ಲೆಕ್ಕ ಕೇಳುವುದು ಅಧಿಕಪ್ರಸಂಗವಾದೀತು. ಆದರೆ ‘ಇಂಥ ದಿನ, ಇಂಥ ಕಡೆ, ಇಂಥದು ನಡೆಯಿತು’ ಎಂದು ಯಾರಾದರೂ ಹೇಳಿದ ಕೂಡಲೇ ಅದು ನಡೆದದ್ದೋ ಇಲ್ಲವೋ ಎಂಬ ಸಾಧಾರಣ ಪ್ರಶ್ನೆಯಾಗುತ್ತದೆ, ಅದಕ್ಕೆ ಲೆಕ್ಕ ಉಂಟು.

ಮೊದಲ ಹೆಜ್ಜೆ: ಹೇಳಿಕೆಯನ್ನು ಒಂದೇ ವಾಕ್ಯದಲ್ಲಿ ಬರೆದಿಡಿ

ಚಿಂಚೋಳಿ ತಾಲ್ಲೂಕಿನ ನಮ್ಮೂರಿನಲ್ಲಿ ಶ್ರಾವಣದಲ್ಲಿ ತೇರು ಎಳೆಯುತ್ತಾರೆ. ‘ತೇರ ಎಳದ ದಿನ ಮಳಿ ಬಂದೇ ಬರ್ತದ’ ಎಂದು ನಮ್ಮ ಮುತ್ಯಾ ಹೇಳುತ್ತಿದ್ದರು, ಊರವರು ಈಗಲೂ ಹೇಳುತ್ತಾರೆ. ಸಂಖ್ಯಾಶಾಸ್ತ್ರ ಪಾಠ ಮಾಡುವ ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನು ಊರಿಗೆ ಹೋಗಿ ಒಬ್ಬೊಬ್ಬರನ್ನೂ ಕೇಳತೊಡಗಿದೆ: ‘ದಿನ’ ಎಂದರೆ ಯಾವುದು? ಕೆಲವರಿಗೆ ತೇರು ಎಳೆಯುವ ಸಂಜೆ, ಕೆಲವರಿಗೆ ಹಿಂದಿನ ರಾತ್ರಿಯೂ ಸೇರಿ, ಇನ್ನು ಕೆಲವರಿಗೆ ಕಳಸ ಏರಿದ್ದರಿಂದ ಇಳಿಯುವ ತನಕದ ಐದು ದಿನ. ‘ಮಳೆ’ ಎಂದರೆ ನೆಲ ತೊಯ್ಯುವಷ್ಟೋ, ನಾಲ್ಕು ಹನಿಯೋ? ನಮ್ಮೂರಲ್ಲಿ ಬೀಳಬೇಕೋ, ಪಕ್ಕದ ಹಳ್ಳಿಯಲ್ಲಿ ಬಿದ್ದರೂ ಆದೀತೋ?

ಈ ಸಡಿಲಿಕೆ ಎಷ್ಟು ದುಬಾರಿ ಎಂಬುದನ್ನು ನೋಡಿ. ಶ್ರಾವಣದಲ್ಲಿ ಸರಾಸರಿ ಮೂರು ದಿನಕ್ಕೊಂದು ದಿನ ಮಳೆ ಎಂದಿಟ್ಟುಕೊಳ್ಳೋಣ. ಒಂದೇ ದಿನದ ಷರತ್ತಾದರೆ ತನ್ನಷ್ಟಕ್ಕೆ ಮಳೆ ಬರುವ ಸಂಭವ 100ಕ್ಕೆ 33. ಐದು ದಿನಗಳಲ್ಲಿ ಯಾವಾಗ ಬಂದರೂ ಸರಿ ಎಂದರೆ, ಐದೂ ದಿನ ಒಣಗಿರುವ ಸಂಭವ ಮೂರನೇ ಎರಡನ್ನು ಐದು ಸಲ ಗುಣಿಸಿದಷ್ಟು, ಅಂದರೆ 100ಕ್ಕೆ ಸುಮಾರು 13. ಮಿಕ್ಕ 87 ಪಾಲು ‘ಮಾತು ನಿಜವಾಯಿತು’ ಎಂದೇ ಲೆಕ್ಕಕ್ಕೆ ಬರುತ್ತದೆ. (ಒಂದು ದಿನದ ಮಳೆಗೂ ಮರುದಿನದ ಮಳೆಗೂ ನಂಟಿರುವುದರಿಂದ ನಿಜವಾದ ಅಂಕಿ ಸ್ವಲ್ಪ ಕಡಿಮೆಯಾದೀತು, ಸದ್ಯಕ್ಕೆ ಇಷ್ಟು ಸಾಕು.) ಆದ್ದರಿಂದ ಯಾರಿಗೆ, ಯಾವಾಗ, ಎಲ್ಲಿ, ಏನಾಯಿತು, ಏನಾಗದಿದ್ದರೆ ಮಾತು ಸುಳ್ಳಾಗುತ್ತದೆ ಎಂಬಷ್ಟನ್ನೂ ಮೊದಲೇ ಬರೆದಿಡಬೇಕು. ನಡೆದ ಮೇಲೆ ಬರೆದರೆ ಬಾಣ ಬಿದ್ದ ಕಡೆ ಹೋಗಿ ಗುರಿ ಗೀಚಿದಂತೆ.

ಎರಡನೆಯ ಹೆಜ್ಜೆ: ಮುನ್ನಂದಾಜು ಕಟ್ಟಿ, ಆದರೆ ಅದನ್ನು ಸೊನ್ನೆ ಮಾಡಬೇಡಿ

ಸಾಕ್ಷ್ಯ ನೋಡುವ ಮೊದಲು ಇಂಥ ಸುದ್ದಿ ನಿಜವಾಗಿರುವ ಸಂಭವ ಎಷ್ಟು ಎಂದು ನಾವು ಎಣಿಸಿರುತ್ತೇವೋ ಅದನ್ನು ಮುನ್ನಂದಾಜು ಎನ್ನೋಣ. ಸ್ಕಾಟ್ಲೆಂಡಿನ ತತ್ತ್ವಜ್ಞಾನಿ ಡೇವಿಡ್ ಹ್ಯೂಮ್ 1748ರಲ್ಲಿ ಹೂಡಿದ ವಾದದ ತಿರುಳು ಇದು: ಪವಾಡ ನಡೆಯಿತೆನ್ನುವ ಸಾಕ್ಷಿ ಸುಳ್ಳಾಗುವುದು ಆ ಪವಾಡಕ್ಕಿಂತಲೂ ದೊಡ್ಡ ಸೋಜಿಗವೆನಿಸಿದಾಗ ಮಾತ್ರ ಅದನ್ನು ನಂಬಬೇಕು. ಇದಕ್ಕೆ ಬೇಕಾದ ಗಣಿತ ಬಂದದ್ದು, ಸ್ವಾರಸ್ಯವೆಂದರೆ, ಪಾದ್ರಿಗಳ ಕೈಯಿಂದ. 1761ರಲ್ಲಿ ತೀರಿಕೊಂಡ ಪಾದ್ರಿ ಥಾಮಸ್ ಬೇಯ್ಸ್ ಬಿಟ್ಟುಹೋದ ಪ್ರಬಂಧವನ್ನು ಅವರ ಸ್ನೇಹಿತ, ಸ್ವತಃ ಪಾದ್ರಿಯಾದ ರಿಚರ್ಡ್ ಪ್ರೈಸ್ 1763ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಮೂಲಕ ಪ್ರಕಟಿಸಿದರು. ಅದೇ ಪ್ರೈಸ್ 1767ರಲ್ಲಿ ಹ್ಯೂಮ್‌ಗೆ ಉತ್ತರವಾಗಿಯೂ ಬರೆದರು. ಒಂದೇ ತಕ್ಕಡಿಯನ್ನು ಎರಡೂ ಕಡೆಯವರು ಬಳಸಬಹುದೆಂಬುದಕ್ಕೆ ಇದೇ ಉದಾಹರಣೆ.

ಅಪರೂಪವಾದದ್ದೆಲ್ಲ ಅನುಮಾನಕ್ಕೆ ತಕ್ಕದ್ದಲ್ಲ ಎಂಬುದು ಪ್ರೈಸ್ ಎತ್ತಿದ ಆಕ್ಷೇಪ, ಅದರಲ್ಲಿ ಹುರುಳಿದೆ. ಬೆಳಿಗ್ಗೆ ಗೇಟಿನ ಮುಂದೆ ನಿಂತಿದ್ದ ಕೆಎ 32 ಗಾಡಿಯ ಕೊನೆಯ ನಾಲ್ಕು ಅಂಕಿ 4717 ಎಂದು ಪಕ್ಕದ ಮನೆಯವರು ಹೇಳಿದರೆ, ಆ ಅಂಕಿಯೇ ಬರುವ ಸಂಭವ ಹತ್ತು ಸಾವಿರಕ್ಕೊಂದಾದರೂ, ನಾವು ಮರುಮಾತಿಲ್ಲದೆ ಒಪ್ಪುತ್ತೇವೆ. ಅವರು ತಪ್ಪು ಹೇಳುವುದಿದ್ದರೂ ಇದೇ ಅಂಕಿಯನ್ನು ಹೇಳಲು ಕಾರಣವಿಲ್ಲ. ಅವರು 9999 ಎಂದರೆ ಮಾತ್ರ ಒಮ್ಮೆ ಇಣುಕಿ ನೋಡೋಣ ಅನ್ನಿಸುತ್ತದೆ, ಏಕೆಂದರೆ ಆ ಅಂಕಿಯನ್ನು ಹೇಳುವ ಚಪಲ ಜನಕ್ಕಿದೆ. ಪವಾಡದ ಸುದ್ದಿ ಈ ಎರಡನೆಯ ಜಾತಿಯದು. ಹೇಳಿದವನಿಗೆ ಹೇಳುವ ಸುಖ, ಕೇಳಿದವನಿಗೆ ಹಂಚುವ ಆತುರ.

ಹಾಗಾದರೆ ಅಂಕಿ ಎಲ್ಲಿಂದ ತರಬೇಕು? ಪವಾಡವನ್ನು ಮನಸಾರೆ ಒಪ್ಪುವ ಸಂಸ್ಥೆಯೊಂದು ಸ್ವತಃ ಜರಡಿ ಹಿಡಿದಾಗ ಎಷ್ಟು ಉಳಿಯಿತು ಎಂದು ಕೇಳುವುದು ನನ್ನ ರೂಢಿ. ಫ್ರಾನ್ಸಿನ ಲೂರ್ಡ್ ಕ್ಷೇತ್ರದಲ್ಲಿ 1858ರಿಂದ ಈಚೆಗೆ ರೋಗ ವಾಸಿಯಾಯಿತೆಂದು ದಾಖಲಾದ ಪ್ರಕರಣಗಳು ಏಳು ಸಾವಿರಕ್ಕೂ ಹೆಚ್ಚು; ವೈದ್ಯರ ತಪಾಸಣೆ ದಾಟಿ ಕ್ಯಾಥೊಲಿಕ್ ಚರ್ಚ್ ಪವಾಡವೆಂದು ಸಾರಿದವು ಎಪ್ಪತ್ತರ ಆಸುಪಾಸು. ಅಂದರೆ ಭಕ್ತರೇ ನಡೆಸುವ ತಪಾಸಣೆಯಲ್ಲೂ ನೂರಕ್ಕೊಂದು ಉಳಿಯುತ್ತದೆ. ಆದ್ದರಿಂದ ಒಬ್ಬ ಆಸ್ತಿಕನಿಗೂ 1 ಪರ, 99 ವಿರುದ್ಧ ಎಂಬ ಮುನ್ನಂದಾಜು ಅವಮಾನವಾಗಬಾರದು. ಕಟ್ಟಾ ಸಂಶಯವಾದಿ ಹತ್ತು ಸಾವಿರಕ್ಕೊಂದು ಎಂದಾನು, ಅದೂ ಸರಿಯೇ. ಸೊನ್ನೆ ಮಾತ್ರ ಕೂಡದು. ಸೊನ್ನೆಯನ್ನು ಎಷ್ಟರಿಂದ ಗುಣಿಸಿದರೂ ಸೊನ್ನೆ, ಅಂಥವನ ಮುಂದೆ ಸಾಕ್ಷ್ಯ ತಂದಿಡುವುದೇ ವ್ಯರ್ಥ. ನೂರಕ್ಕೆ ನೂರು ಎನ್ನುವವನ ಸ್ಥಿತಿಯೂ ಅಷ್ಟೇ.

ಮೂರನೆಯ ಹೆಜ್ಜೆ: ಸಾಕ್ಷ್ಯಕ್ಕೆ ಎರಡು ಪ್ರಶ್ನೆ ಹಾಕಿ, ಒಂದನ್ನು ಇನ್ನೊಂದರಿಂದ ಭಾಗಿಸಿ

ಇದು ಇಡೀ ವಿಧಾನದ ಕೀಲಿ. ಪವಾಡ ನಿಜವಾಗಿದ್ದರೆ ಈ ಸಾಕ್ಷ್ಯ ಕಾಣುವ ಸಂಭವ ಎಷ್ಟು? ಪವಾಡ ನಡೆಯದೇ ಇದ್ದಿದ್ದರೂ ಇದೇ ಸಾಕ್ಷ್ಯ ಕಾಣುವ ಸಂಭವ ಎಷ್ಟು? ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಬರುವುದು ಸಾಕ್ಷ್ಯದ ತೂಕ. ಮುನ್ನಂದಾಜಿನ ಅನುಪಾತವನ್ನು ಆ ತೂಕದಿಂದ ಗುಣಿಸಿದರೆ ಹೊಸ ಅನುಪಾತ. ಜನ ಮೊದಲ ಪ್ರಶ್ನೆಯನ್ನು ಕೇಳಿ ನಿಲ್ಲುತ್ತಾರೆ; ಎರಡನೆಯದನ್ನು ಕೇಳುವವರು ಕಡಿಮೆ.

1995ರ ಸೆಪ್ಟೆಂಬರ್ 21ರಂದು ಗಣಪತಿ ಹಾಲು ಕುಡಿಯುತ್ತಾನೆಂಬ ಸುದ್ದಿ ದೇಶದ ತುಂಬ ಹಬ್ಬಿದಾಗ ನಾನೂ ಚಮಚ ಹಿಡಿದು ಸಾಲಿನಲ್ಲಿ ನಿಂತಿದ್ದೆ. ಊರಿಗೆ ಆಗಿನ್ನೂ ಗುಲಬರ್ಗಾ ಎಂದೇ ಹೆಸರು. ಚಮಚದ ಅಂಚನ್ನು ಸೊಂಡಿಲಿಗೆ ತಾಗಿಸಿ ತುಸು ಓರೆ ಮಾಡಿದ್ದೇ ತಡ, ಹಾಲು ಸದ್ದಿಲ್ಲದೆ ಇಳಿಯಿತು. ನನ್ನ ಹಿಂದಿದ್ದ ಅಜ್ಜಿಯೊಬ್ಬರು ಅತ್ತೇಬಿಟ್ಟರು. ಅಲ್ಲಿ ಯಾರೂ ಸುಳ್ಳು ಹೇಳುತ್ತಿರಲಿಲ್ಲ, ಎಲ್ಲರೂ ಕಂಡದ್ದನ್ನೇ ಹೇಳಿದರು. ಈಗ ಎರಡು ಪ್ರಶ್ನೆ ಹಾಕಿ. ಗಣಪತಿ ಕುಡಿಯುತ್ತಿದ್ದರೆ ಚಮಚ ಬರಿದಾಗುವ ಸಂಭವ ನೂರಕ್ಕೆ ನೂರು. ಕುಡಿಯದೇ ಇದ್ದರೂ, ದ್ರವದ ಮೇಲ್ಮೈ ಎಳೆತದಿಂದ ಹಾಲು ಚಮಚದ ಅಂಚು ದಾಟಿ ಒದ್ದೆಯಾದ ಕಲ್ಲಿನ ಮೈಗೆ ತೆಳುಪೊರೆಯಾಗಿ ಅಂಟಿ ಜಾರುವುದರಿಂದ, ಚಮಚ ಬರಿದಾಗುವ ಸಂಭವ ಹೆಚ್ಚುಕಡಿಮೆ ನೂರಕ್ಕೆ ನೂರೇ. ಭಾಗಿಸಿದರೆ ಒಂದು. ಒಂದರಿಂದ ಗುಣಿಸಿದರೆ ಏನೂ ಬದಲಾಗದು. ಲಕ್ಷ ಜನ ಕಂಡರೂ ಒಂದನ್ನು ಲಕ್ಷ ಸಲ ಗುಣಿಸಿದಂತೆ, ಉತ್ತರ ಒಂದೇ.

ಎರಡು ವಿವರಣೆಗಳೂ ಬೇರೆ ಬೇರೆ ಉತ್ತರ ಕೊಡುವ ಜಾಗವನ್ನು ಹುಡುಕುವುದೇ ಜಾಣತನ. ಆ ದಿನ ಅದು ಚಮಚದಲ್ಲಿರಲಿಲ್ಲ, ನೆಲದಲ್ಲಿತ್ತು. ಕುಡಿದಿದ್ದರೆ ವಿಗ್ರಹದ ಬುಡ ಒಣಗಿರಬೇಕು, ಜಾರಿದ್ದರೆ ತೊಯ್ದಿರಬೇಕು. ನನ್ನ ಅಂಗಾಲು ಗರ್ಭಗುಡಿಯ ಹೊಸ್ತಿಲಿನ ಕಲ್ಲಿಗೆ ಜಿಗಿಜಿಗಿ ಅಂಟಿದ್ದು ಇಂದಿಗೂ ನೆನಪಿದೆ, ಅದರ ಅರ್ಥ ಹೊಳೆದದ್ದು ಮಾತ್ರ ಮನೆಗೆ ಬಂದ ಮೇಲೆ. ದೆಹಲಿಯಲ್ಲಿ ವಿಜ್ಞಾನಿಗಳು ಹಾಲಿಗೆ ಬಣ್ಣ ಬೆರೆಸಿ, ಅದು ವಿಗ್ರಹದ ಮೈಮೇಲೆ ಇಳಿಯುವ ದಾರಿಯನ್ನು ತೋರಿಸಿದರು.

ನಾಲ್ಕನೆಯ ಹೆಜ್ಜೆ: ಏನೂ ಮಾಡದಿದ್ದರೆ ಏನಾಗುತ್ತಿತ್ತು?

ಹಾಲಿನ ಉದಾಹರಣೆ ಸುಲಭದ್ದು. ನಮ್ಮ ಕಡೆ ಹೆಚ್ಚು ಕೇಳಿಬರುವುದು, ಪ್ರಾಣಕ್ಕೆ ಸಂಬಂಧಪಟ್ಟದ್ದು, ಹಾವಿನ ವಿಷ ಇಳಿಸುವ ಗುಡಿಗಳ ಸುದ್ದಿ. ಯಾದಗಿರಿ ಕಡೆಯ ಗೆಳೆಯರೊಬ್ಬರು ತಮ್ಮ ಊರಿನ ಗುಡಿಯ ಬಗ್ಗೆ ಹೇಳಿದ್ದು ಹೀಗೆ: ‘ಹುಳ ಮುಟ್ಟಿದವ್ರನ್ನ ಗುಡಿಗಿ ತಂದು ಮಲಗಿಸಿದ್ರ ಬೆಳಗಾಗೂದ್ರಾಗ ಎದ್ದು ಕೂಡ್ತಾರ್ರೀ ಸರ್, ನಮ್ಮ ಕಣ್ಣಾರ ನೋಡೀವಿ.’ ಅವರು ನೋಡಿದ್ದು ನಿಜ. ಹಾಗಾದರೆ ಗುಡಿಯ ಶಕ್ತಿಗೆ ಎಷ್ಟು ಸಾಕ್ಷ್ಯ ಸಿಕ್ಕಂತಾಯಿತು?

ಭಾರತದ ಹಾವುಗಳಲ್ಲಿ ಬಹುಪಾಲು ವಿಷವಿಲ್ಲದವು. ಹೆಚ್ಚಿನ ಸಾವುಗಳಿಗೆ ಕಾರಣವಾಗುವವು ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಎಂಬ ನಾಲ್ಕು. ಅವು ಕೂಡ ಕಚ್ಚಿದಾಗಲೆಲ್ಲ ವಿಷ ಬಿಡುವುದಿಲ್ಲ, ಕೆಲವೊಮ್ಮೆ ಹಲ್ಲು ಊರಿ ಸುಮ್ಮನೆ ಬಿಟ್ಟುಬಿಡುತ್ತವೆ. ಲೆಕ್ಕಕ್ಕಾಗಿ ಹೀಗೆ ಎಂದುಕೊಳ್ಳೋಣ: ಗುಡಿಗೆ ಬಂದ 100 ಜನರಲ್ಲಿ 70 ಜನಕ್ಕೆ ಕಚ್ಚಿದ್ದು ವಿಷವಿಲ್ಲದ ಹಾವು, 10 ಜನಕ್ಕೆ ವಿಷದ ಹಾವು ಕಚ್ಚಿದರೂ ವಿಷ ಇಳಿದಿಲ್ಲ, ಉಳಿದ 20 ಜನಕ್ಕೆ ನಿಜವಾಗಿ ವಿಷವೇರಿದೆ. ಆ 20 ಜನರಲ್ಲಿ ಯಾರೂ ತಾವಾಗಿ ಬದುಕುವುದಿಲ್ಲ ಎಂದೇ ಹಿಡಿಯಿರಿ. ಗುಡಿಗೆ ಯಾವ ಶಕ್ತಿ ಇಲ್ಲದಿದ್ದರೂ ಬೆಳಗಾಗುವಷ್ಟರಲ್ಲಿ 80 ಜನ ಎದ್ದು ಕೂಡುತ್ತಾರೆ.

ಈಗ ಭಾಗಾಕಾರ. ಗುಡಿಗೆ ಶಕ್ತಿಯಿದ್ದರೆ ಬದುಕುವವರು 100, ಇಲ್ಲದಿದ್ದರೆ 80. ಒಬ್ಬ ಬದುಕಿದ್ದರ ತೂಕ 100 ಭಾಗಿಸು 80, ಅಂದರೆ 1.25. ಮುನ್ನಂದಾಜು 1ಕ್ಕೆ 99 ಇದ್ದದ್ದು 1.25ಕ್ಕೆ 99 ಆಯಿತು. ನೂರಕ್ಕೆ ಒಂದಿದ್ದ ನಂಬಿಕೆ ಒಂದೂಕಾಲಕ್ಕೆ ಏರಿತು, ಅಷ್ಟೇ. ಹತ್ತು ಜನ ಒಬ್ಬರ ಹಿಂದೊಬ್ಬರು ಬಂದು ಹತ್ತೂ ಜನ ಬದುಕಿದ್ದನ್ನು ಯಾವುದನ್ನೂ ಬಿಡದೆ ದಾಖಲಿಸಿದ್ದರೆ, 1.25ನ್ನು ಹತ್ತು ಸಲ ಗುಣಿಸಿದಾಗ 9.3 ಬರುತ್ತದೆ, ಆಗ ನಂಬಿಕೆ 100ಕ್ಕೆ ಒಂಬತ್ತಕ್ಕೆ ತುಸು ಕಡಿಮೆ. ಇದನ್ನು ಹಗುರ ಮಾಡಬೇಕಿಲ್ಲ, ಹತ್ತು ಜನರ ಸರಿಯಾದ ದಾಖಲೆಗೆ ತೂಕವಿದೆ. ಆದರೆ ‘ಯಾವುದನ್ನೂ ಬಿಡದೆ’ ಎಂಬ ಷರತ್ತು ಈಡೇರುವುದು ಬಲು ಅಪರೂಪ.

ಇಲ್ಲಿ ಲೆಕ್ಕ ನಿಲ್ಲಿಸಿ ಒಂದು ಮಾತು. ದೇಶದಲ್ಲಿ ವರ್ಷಕ್ಕೆ ಸರಾಸರಿ 58,000 ಜನ ಹಾವು ಕಚ್ಚಿ ಸಾಯುತ್ತಾರೆಂಬುದು 2020ರಲ್ಲಿ ಪ್ರಕಟವಾದ ಅಧ್ಯಯನದ ಅಂದಾಜು. ಮೇಲಿನ 20 ಜನರನ್ನು ಉಳಿಸಬಲ್ಲದ್ದು ಆ ನಾಲ್ಕೂ ಹಾವುಗಳ ವಿಷಕ್ಕೆ ಒಂದೇ ಆಗಿ ಬರುವ ಪ್ರತಿವಿಷದ ಚುಚ್ಚುಮದ್ದು, ಅದು ಸಿಗುವುದು ಆಸ್ಪತ್ರೆಯಲ್ಲಿ. ಆ 20ರಲ್ಲಿ ತಾವಿದ್ದೇವೋ 80ರಲ್ಲೋ ಎಂಬುದು ಕಚ್ಚಿಸಿಕೊಂಡ ಗಳಿಗೆಯಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ಕಟ್ಟುಹಾವಿನ ಕಡಿತಕ್ಕಂತೂ ನೋವು, ಊತ ಎರಡೂ ಇರದಿರಬಹುದು. ಹಾಗಾಗಿ ಮೊದಲು ಗಾಡಿ ಕರೆಸಿ ಆಸ್ಪತ್ರೆ ಸೇರಬೇಕು. ಹರಕೆಯನ್ನು ದಾರಿಯಲ್ಲೂ ಹೊರಬಹುದು.

ಐದನೆಯ ಹೆಜ್ಜೆ: ಹೇಳಲು ಬಾರದವರನ್ನು ಎಣಿಸಿ

ಹರಕೆ ಫಲಿಸಿ ಮಗುವಾದವರು ಒಪ್ಪಿಸಿದ ಪುಟ್ಟ ತೊಟ್ಟಿಲುಗಳು ಗುಡಿ, ದರ್ಗಾಗಳಲ್ಲಿ ತೂಗಾಡುವುದನ್ನು ನೀವೂ ಕಂಡಿರುತ್ತೀರಿ. ಅವನ್ನು ಎಣಿಸಿದರೆ ಒಂದು ಸಂಖ್ಯೆ ಬರುತ್ತದೆ. ಹರಕೆ ಹೊತ್ತು ಮಕ್ಕಳಾಗದ ದಂಪತಿಗಳು ಕಟ್ಟಿದ ತೊಟ್ಟಿಲು ಎಲ್ಲಿದೆ? ಅವರು ಏನನ್ನೂ ಕಟ್ಟುವುದಿಲ್ಲ, ಆ ಮಾತನ್ನು ಯಾರೊಂದಿಗೂ ಆಡುವುದಿಲ್ಲ. ವೈದ್ಯಶಾಸ್ತ್ರದ ಲೆಕ್ಕ ಹೀಗಿದೆ: ಮದುವೆಯಾಗಿ ಮಕ್ಕಳಿಗಾಗಿ ಕಾಯುವ ದಂಪತಿಗಳಲ್ಲಿ 100ಕ್ಕೆ 80ಕ್ಕೂ ಹೆಚ್ಚು ಮಂದಿಗೆ ಒಂದು ವರ್ಷದೊಳಗೆ ಗರ್ಭ ನಿಲ್ಲುತ್ತದೆ, ಉಳಿದವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಎರಡನೆಯ ವರ್ಷದಲ್ಲಿ, ಯಾವ ಚಿಕಿತ್ಸೆಯೂ ಇಲ್ಲದೆ. ಹರಕೆ ಹೊರುವುದು ಸಾಮಾನ್ಯವಾಗಿ ಯಾವಾಗ? ವರ್ಷ ಕಾದು, ಅತ್ತೆ ಮನೆಯಲ್ಲಿ ಮಾತು ಶುರುವಾದ ಮೇಲೆ. ಆ ಹೊತ್ತಿಗೆ ಹರಕೆ ಹೊತ್ತ ಇಬ್ಬರಲ್ಲಿ ಒಬ್ಬರಿಗೆ ಮುಂದಿನ ವರ್ಷದೊಳಗೆ ಗರ್ಭ ನಿಲ್ಲುವುದೇ ಇತ್ತು. ನೂರು ತೊಟ್ಟಿಲು ತುಂಬಲು ಇನ್ನೂರು ಹರಕೆ ಸಾಕು.

ಹಾವಿನ ಗುಡಿಯ ವಿಷಯದಲ್ಲೂ ಇದೇ. ಅಲ್ಲಿ ಬದುಕಿದವರು ವರ್ಷವರ್ಷ ಜಾತ್ರೆಗೆ ಬಂದು ಕಾಯಿ ಒಡೆಯುತ್ತಾರೆ. ಸತ್ತವರನ್ನು ‘ತಡ ಮಾಡಿ ತಂದ್ರು’, ‘ಮೈಲಿಗಿ ಆಗಿತ್ತು’ ಎಂಬ ವಿವರಣೆಯೊಡನೆ ಲೆಕ್ಕದಿಂದ ಹೊರಗಿಡಲಾಗುತ್ತದೆ. ಹೀಗೆ ಸೋಲು ತಾನಾಗಿ ಸೋಸಿಹೋಗುವ ಕಡೆ, ಶಕ್ತಿಯಿದ್ದರೂ ಇಲ್ಲದಿದ್ದರೂ ನಮಗೆ ಕೇಳಿಬರುವುದು ಗೆಲುವಿನ ಕತೆಗಳೇ ಆದ್ದರಿಂದ, ಆ ಕತೆಗಳ ತೂಕ 1.25ರಿಂದ ಮತ್ತೆ ಒಂದರ ಕಡೆಗೆ ಇಳಿಯುತ್ತದೆ. ಕೇಳಬೇಕಾದ ಪ್ರಶ್ನೆ ‘ಎಷ್ಟು ಜನ ಬದುಕಿದರು’ ಎಂಬುದರ ಜೊತೆಗೆ ‘ಎಷ್ಟು ಜನ ಬಂದರು, ಅದನ್ನು ಬರೆದಿಟ್ಟವರು ಯಾರು’ ಎಂಬುದೂ ಹೌದು.

ಆರನೆಯ ಹೆಜ್ಜೆ: ಸಾಕ್ಷಿಗಳ ಬೇರನ್ನು ಅಗೆಯಿರಿ

ಹತ್ತು ಜನ ಹೇಳಿದರೆ ಹತ್ತು ಸಾಕ್ಷ್ಯವೇ? ಒಬ್ಬೊಬ್ಬರ ಮಾತಿಗೂ 10ರ ತೂಕವಿದ್ದು, ನಾಲ್ವರೂ ಒಬ್ಬರನ್ನೊಬ್ಬರು ಮಾತಾಡಿಸದೆ ತಾವೇ ಕಂಡಿದ್ದರೆ, ತೂಕ 10×10×10×10, ಅಂದರೆ 10,000. ಸಂಶಯವಾದಿಯ ಹತ್ತು ಸಾವಿರಕ್ಕೊಂದನ್ನೂ ಅದು ಸಮಸಮಕ್ಕೆ ತಂದು ನಿಲ್ಲಿಸುತ್ತದೆ. ಗಣಕಯಂತ್ರದ ಪಿತಾಮಹರಲ್ಲೊಬ್ಬರಾದ ಚಾರ್ಲ್ಸ್ ಬ್ಯಾಬೇಜ್ 1837ರಲ್ಲಿ ಹ್ಯೂಮ್ ವಿರುದ್ಧ ಹೂಡಿದ ವಾದವೂ ಇದೇ: ಪರಸ್ಪರ ಸಂಬಂಧವಿಲ್ಲದ ಸಾಕ್ಷಿಗಳು ಸಾಕಷ್ಟಿದ್ದರೆ ಎಂಥ ಅಸಂಭವವನ್ನೂ ಮಣಿಸಬಹುದು. ಗಣಿತ ಸರಿಯಾಗಿದೆ. ನಾಲ್ವರೂ ಒಬ್ಬನಿಂದಲೇ ಕೇಳಿದ್ದರೆ ಮಾತ್ರ ತೂಕ 10,000 ಆಗದೆ 10ಕ್ಕೆ ನಿಲ್ಲುತ್ತದೆ, ಆ ಒಬ್ಬನೂ ಇನ್ನೊಬ್ಬನಿಂದ ಕೇಳಿದ್ದರೆ ಅದಕ್ಕಿಂತಲೂ ಕಡಿಮೆ.

ಇದರಲ್ಲಿ ನಾನೇ ಎಡವಿದ್ದೇನೆ. ಕೆಲವು ವರ್ಷಗಳ ಹಿಂದೆ, ಬೀದರ್ ಕಡೆಯ ಹಳ್ಳಿಯೊಂದರಲ್ಲಿ ಬತ್ತಿದ ಬಾವಿಗೆ ಹುಣ್ಣಿಮೆಯ ರಾತ್ರಿ ನೀರು ಬಂತೆಂದು ಆರು ಜನರಿಂದ ಕೇಳಿ, ಆರು ಕಡೆಯಿಂದ ಬಂದದ್ದೆಂದು ನಂಬಿ, ತರಗತಿಯಲ್ಲೂ ಹೇಳಿಬಿಟ್ಟೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ‘ನೋಡಿದವ್ರು ಯಾರ್ರೀ ಸರ್?’ ಎಂದು ಕೇಳಿದಳು. ಆರೂ ಜನರನ್ನು ಮತ್ತೆ ವಿಚಾರಿಸಿ ಕಾಗದದ ಮೇಲೆ ಗೆರೆ ಎಳೆಯುತ್ತ ಹೋದೆ. ಐದು ಗೆರೆಗಳು ಒಂದೇ ಮದುವೆಯ ಊಟದ ಪಂಕ್ತಿಗೆ ಬಂದು ಸೇರಿದವು, ಆರನೆಯದು ಅಲ್ಲಿಂದ ಹೊರಟ ವಾಟ್ಸಾಪ್ ಸಂದೇಶ. ಪಂಕ್ತಿಯಲ್ಲಿ ಹೇಳಿದವರು ತಮ್ಮ ಕಾಕಾನಿಂದ ಕೇಳಿದ್ದರು. ಕಾಕಾ ಬಾವಿ ನೋಡಿರಲಿಲ್ಲ.

ವಿಧಾನ ಸರಳ: ಪ್ರತಿಯೊಬ್ಬರಿಗೂ ‘ನೀವೇ ಕಂಡಿರೋ, ಯಾರು ಹೇಳಿದರು, ಯಾವಾಗ’ ಎಂಬ ಮೂರೇ ಪ್ರಶ್ನೆ ಕೇಳಿ ಗೆರೆ ಎಳೆಯಿರಿ. ಕಣ್ಣಾರೆ ಕಂಡವರು ಸಿಕ್ಕರೆ ಬೇರೆ ಬೇರೆಯಾಗಿ ಮಾತಾಡಿಸಿ. ಅವರ ಮಾತುಗಳು ಸಣ್ಣಪುಟ್ಟ ವಿವರದಲ್ಲಿ ಬೇರೆಯಾಗಿದ್ದು ಮುಖ್ಯ ಸಂಗತಿಯಲ್ಲಿ ಒಂದಾಗಿದ್ದರೆ ತೂಕ ಹೆಚ್ಚು; ಪದಕ್ಕೆ ಪದ ಹೊಂದಿದರೆ ಒಂದೇ ಬಾಯಿಂದ ಬಂದಿರುವ ಸಂಭವವೇ ಹೆಚ್ಚು.

ಏಳನೆಯ ಹೆಜ್ಜೆ: ಎಷ್ಟು ಅವಕಾಶಗಳಿದ್ದವು ಎಂದು ನೋಡಿ

‘ಹತ್ತು ಲಕ್ಷಕ್ಕೊಂದು’ ಎಂದ ಕೂಡಲೇ ನಡೆಯಲಾರದ್ದು ಎಂಬ ಭಾವ ಬರುತ್ತದೆ. 2011ರ ಜನಗಣತಿಯಂತೆ ಕಲಬುರಗಿ, ಬೀದರ್, ಯಾದಗಿರಿ ಮೂರೂ ಜಿಲ್ಲೆಗಳ ಜನಸಂಖ್ಯೆ ಸೇರಿ ಸುಮಾರು 54 ಲಕ್ಷ. ಒಬ್ಬೊಬ್ಬರಿಗೆ ದಿನಕ್ಕೆ ಹತ್ತು ಲಕ್ಷಕ್ಕೊಂದರ ಸಂಭವವಿರುವ ಸೋಜಿಗ ಈ ಮೂರು ಜಿಲ್ಲೆಗಳಲ್ಲೇ ದಿನಕ್ಕೆ ಐದು ಸಲ, ವರ್ಷಕ್ಕೆ ಎರಡು ಸಾವಿರದಷ್ಟು ಸಲ ನಡೆಯುತ್ತದೆ. ಸತ್ತ ತಂದೆ ಕನಸಿನಲ್ಲಿ ಬಂದು ಹೇಳಿದ ಕಡೆ ಕಳೆದ ಉಂಗುರ ಸಿಕ್ಕಿದ ಕತೆ ಇಂಥದ್ದೇ: ಸಿಕ್ಕವರಿಗೆ ಅದು ಮೈನವಿರೇಳಿಸುವ ಸಂಗತಿ, ಅದನ್ನು ಅಲ್ಲಗಳೆಯಬೇಕಿಲ್ಲ. ಆದರೆ ಯಾರಿಗಾದರೂ ಹೀಗಾಗುವುದು ಅಸಂಭವವಲ್ಲ. ಯಾರಿಗೆ, ಯಾವ ದಿನ ಎಂದು ಮುಂಚಿತವಾಗಿ ಹೇಳಿದ್ದರೆ ಮಾತು ಬೇರೆ.

ಎಂಟನೆಯ ಹೆಜ್ಜೆ: ಪರೀಕ್ಷಿಸಲು ಬರುವುದನ್ನು ಪರೀಕ್ಷಿಸಿ

ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಡಾ. ಎಚ್. ನರಸಿಂಹಯ್ಯನವರು 1976ರಲ್ಲಿ ಪವಾಡ ಮತ್ತು ಮೂಢನಂಬಿಕೆಗಳ ತನಿಖೆಗೆ ಸಮಿತಿ ರಚಿಸಿದಾಗ ಕೇಳಿದ್ದು ಇಷ್ಟೇ, ನಿಗದಿತ ಷರತ್ತುಗಳಡಿ ಮಾಡಿ ತೋರಿಸಿ ಎಂದು. ಪ್ರಾರ್ಥನೆಯನ್ನೂ ಹೀಗೆ ಅಳೆದವರಿದ್ದಾರೆ. ಅಮೆರಿಕದಲ್ಲಿ ಹೃದಯದ ಬೈಪಾಸ್ ಶಸ್ತ್ರಚಿಕಿತ್ಸೆಗೆ ಒಳಗಾದ 1,802 ರೋಗಿಗಳ ಮೇಲಿನ, 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಅಪರಿಚಿತರು ಯಾರಿಗಾಗಿ ಪ್ರಾರ್ಥಿಸಿದ್ದರೋ ಅವರಲ್ಲಿ 100ಕ್ಕೆ 52 ಮಂದಿಗೂ, ಯಾರಿಗಾಗಿ ಪ್ರಾರ್ಥಿಸಿರಲಿಲ್ಲವೋ ಅವರಲ್ಲಿ 51 ಮಂದಿಗೂ ತೊಡಕುಗಳು ಕಂಡವು. ನಿಮಗಾಗಿ ಖಂಡಿತ ಪ್ರಾರ್ಥಿಸುತ್ತಿದ್ದಾರೆ ಎಂದು ತಿಳಿಸಿದ ಗುಂಪಿನಲ್ಲಿ ಅದು 59. ಅಪರಿಚಿತರ ಪ್ರಾರ್ಥನೆ ಆ ಶಸ್ತ್ರಚಿಕಿತ್ಸೆಯ ತೊಡಕನ್ನು ತಗ್ಗಿಸಲಿಲ್ಲ ಎಂಬಷ್ಟೇ ಇದರ ಅರ್ಥ. ಅವ್ವ ಮಗನಿಗಾಗಿ ಕೈಮುಗಿಯುವುದರ ಬೆಲೆಯನ್ನು ಇದು ಅಳೆದಿಲ್ಲ.

ಅಗ್ಗಿ ಹಾಯುವುದನ್ನು ನೋಡಲು ಪ್ರಯೋಗಶಾಲೆಯೇ ಬೇಕಿಲ್ಲ. ಕೆಂಡಕ್ಕೆ ಶಾಖವನ್ನು ಬೇಗ ದಾಟಿಸುವ ಗುಣವಿಲ್ಲ, ಮೇಲೆ ಬೂದಿಯ ಪದರ, ಅಂಗಾಲು ತಾಗುವುದು ಅರೆಕ್ಷಣ. ಹೀಗಾಗಿ ಉಪವಾಸ ಮಾಡಿದವರೂ ಮಾಡದವರೂ ಸರಸರನೆ ನಡೆದರೆ ದಾಟುತ್ತಾರೆ, ಮುಗ್ಗರಿಸಿದರೆ ಇಬ್ಬರೂ ಸುಟ್ಟುಕೊಳ್ಳುತ್ತಾರೆ. ಎರಡು ವಿವರಣೆಗಳನ್ನು ಬೇರ್ಪಡಿಸುವ ಪರೀಕ್ಷೆ ಬೇಕೆಂದರೆ ಕಾದ ಕಬ್ಬಿಣದ ತಗಡಿನ ಮೇಲೆ ನಡೆಯಬೇಕಾದೀತು. ದಯವಿಟ್ಟು ಯಾರೂ ಅದನ್ನು ಮಾಡಬೇಡಿ.

ಎಲ್ಲಿ ನಿಲ್ಲಬೇಕೆಂಬುದಕ್ಕೆ ಬೀದರ್‌ನ ನಾನಕ್ ಝೀರಾ ಒಳ್ಳೆಯ ನಿದರ್ಶನ. ಗುರು ನಾನಕರು ಬಂದಾಗ ಬಂಡೆಯಿಂದ ಸಿಹಿನೀರು ಚಿಮ್ಮಿತೆಂಬುದು ಸಂಪ್ರದಾಯ. ಬೀದರ್ ಪ್ರಸ್ಥಭೂಮಿಯ ಮೇಲ್ಪದರ ಜಂಬಿಟ್ಟಿಗೆ, ಅದು ಮಳೆನೀರನ್ನು ಹೀರುತ್ತದೆ. ಕೆಳಗಿರುವ ಗಟ್ಟಿ ಕಪ್ಪುಕಲ್ಲು ನೀರನ್ನು ಬಿಟ್ಟುಕೊಡದೆ ಪಕ್ಕಕ್ಕೆ ಹರಿಸುತ್ತದೆ. ನೌಬಾದಿನ ಸುರಂಗ ಬಾವಿಗಳಿಗೆ ನೀರು ಕೊಟ್ಟದ್ದೂ ಇದೇ ಜಂಬಿಟ್ಟಿಗೆ. ಹೀಗಾಗಿ ಆ ನೆಲದಲ್ಲಿ ಝರಿಯೊಂದು ಕಾಣುವ ಸಂಭವ ದೊಡ್ಡದೇ, ನೀರಿರುವುದೊಂದೇ ಪವಾಡಕ್ಕೆ ತೂಕ ತರುವುದಿಲ್ಲ. ಗುರುಗಳು ಬಂದರೇ, ಜನ ಅವರಿಂದ ಏನು ಪಡೆದರು ಎಂಬುದರ ಬಗ್ಗೆ ಇದು ಏನನ್ನೂ ಹೇಳುವುದಿಲ್ಲ. ಲೆಕ್ಕದ ಕೋಲು ಅಲ್ಲಿಗೆ ಮುಗಿಯಿತು.

ಒಂಬತ್ತನೆಯ ಹೆಜ್ಜೆ: ಮೂರು ಜನರ ಪರವಾಗಿ ಲೆಕ್ಕ ಮಾಡಿ

ಕೊನೆಗೆ ಸಿಕ್ಕ ತೂಕವನ್ನು ನಿಮ್ಮೊಬ್ಬರ ಮುನ್ನಂದಾಜಿಗೆ ಹಚ್ಚಿ ಸುಮ್ಮನಾಗಬೇಡಿ. ಹತ್ತು ಸಾವಿರಕ್ಕೊಂದು ಎನ್ನುವ ಸಂಶಯವಾದಿ, ನೂರಕ್ಕೊಂದು ಎನ್ನುವವರು, ಅರ್ಧಕ್ಕರ್ಧ ಎನ್ನುವ ಭಕ್ತರು, ಮೂವರಿಗೂ ಹಚ್ಚಿ ನೋಡಿ. ತೂಕ 1.25 ಇದ್ದರೆ ಸಂಶಯವಾದಿ ಇದ್ದಲ್ಲೇ ಇರುತ್ತಾನೆ, ನಡುವಿನವರು ಒಂದೂಕಾಲಕ್ಕೆ, ಭಕ್ತರು ಐವತ್ತರಿಂದ ಐವತ್ತಾರಕ್ಕೆ ಹೋಗುತ್ತಾರೆ. ಯಾರೂ ಜಾಗ ಬಿಟ್ಟು ಕದಲಲಿಲ್ಲ, ಆದ್ದರಿಂದ ಇಂಥ ಸಾಕ್ಷ್ಯ ಹಿಡಿದು ಮನೆಯಲ್ಲಿ ಜಗಳವಾಡುವುದು ಎರಡೂ ಕಡೆಯವರಿಗೆ ದಂಡ. ತೂಕ 1,000 ಇದ್ದರೆ ಸಂಶಯವಾದಿ 100ಕ್ಕೆ ಒಂಬತ್ತಕ್ಕೆ, ನಡುವಿನವರು 91ಕ್ಕೆ ಏರುತ್ತಾರೆ. ಅಷ್ಟಾದ ಮೇಲೂ ‘ನಾನು ಕದಲುವುದಿಲ್ಲ’ ಎಂದರೆ ಅದು ಹಟ, ಲೆಕ್ಕವಲ್ಲ. ಅಂಥ ತೂಕದ ಸುದ್ದಿ ನನ್ನ ಕೈಗೆ ಈ ತನಕ ಬಂದಿಲ್ಲ. ಬಂದರೂ ಅದು ಯಾವ ದೇವರ ಕೈಕೆಲಸ ಎಂಬುದು ಬೇರೆಯದೇ ಲೆಕ್ಕ, ಏಕೆಂದರೆ ಕಾರಣ ತಿಳಿಯದ ಗುಣವಾಗುವಿಕೆಯ ಕತೆಗಳು ಗುಡಿ, ದರ್ಗಾ, ಚರ್ಚು ಮೂರರಲ್ಲೂ ಒಂದೇ ಬಗೆಯಲ್ಲಿ ಸಿಗುತ್ತವೆ. ಮೂರಕ್ಕೂ ಸಮನಾಗಿ ಹೊಂದುವ ಸಾಕ್ಷ್ಯ ಮೂರರ ನಡುವೆ ತೀರ್ಪು ಕೊಡಲಾರದು.

ನಮ್ಮೂರ ಮಳೆಯ ಮಾತಿಗೆ ಮರಳಿ ಬರುತ್ತೇನೆ. ಆರು ವರ್ಷದಿಂದ ನನ್ನ ತಮ್ಮ ಗುಡಿಯ ಪಂಚರನ್ನೇ ಕೂರಿಸಿಕೊಂಡು, ತೇರು ಎಳೆದ ದಿನ ಸೂರ್ಯ ಹುಟ್ಟಿದಾಗಿನಿಂದ ನಡುರಾತ್ರಿಯ ತನಕ ಗುಡಿಯ ಅಂಗಳ ತೊಯ್ದರೆ ‘ಬಂತು’, ಇಲ್ಲದಿದ್ದರೆ ‘ಇಲ್ಲ’ ಎಂದು ಉದ್ದನೆಯ ಲೆಕ್ಕದ ಪುಸ್ತಕದಲ್ಲಿ ಬರೆಸುತ್ತಿದ್ದಾನೆ. ಬಂದದ್ದು ಮೂರು ಸಲ. ದಿನದ ಸಂಭವ ಮೂರಕ್ಕೊಂದಾದರೆ ಆರರಲ್ಲಿ ಮೂರು ಅಥವಾ ಹೆಚ್ಚು ಸಲ ಮಳೆ ಬರುವುದು 100ಕ್ಕೆ 32 ಸಲ ತಾನಾಗಿ ನಡೆಯುವಂಥದು. ‘ಬಂದೇ ಬರ್ತದ’ ಎಂಬ ಮಾತು ಮೊದಲ ಒಣ ವರ್ಷಕ್ಕೇ ಬಿದ್ದುಹೋಯಿತು. ‘ಬೇರೆ ದಿನಕ್ಕಿಂತ ಹೆಚ್ಚು ಬರ್ತದ’ ಎಂಬುದು ಬಿದ್ದಿಲ್ಲ, ಗೆದ್ದೂ ಇಲ್ಲ. ಹೋದ ವರ್ಷ ಒಣಗಿದಾಗ ಪಂಚರಲ್ಲೊಬ್ಬರು ಕಾರಣದ ಖಾನೆಯೊಂದನ್ನು ಸೇರಿಸಬೇಕೆಂದರು, ಉಳಿದ ನಾಲ್ವರು ಒಪ್ಪಲಿಲ್ಲ. ಏಳನೆಯ ಸಾಲಿಗೆ ತಮ್ಮ ಆಗಲೇ ಗೆರೆ ಹಾಕಿ ಇಟ್ಟಿದ್ದಾನೆ.